ವಸಂತದಲ್ಲಿ ಕೆನಡಾ ಪ್ರವಾಸ: ಊರಿಂದ ಬರುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಸಂಕ್ರಾಂತಿ ಕಳೆಯಿತು ಅಂದರೆ ನಮ್ಮ ಮನೆಗೆ ಫೋನ್ ಶುರು. "ಮಕ್ಕಳ ಪರೀಕ್ಷೆ ಮುಗಿದ ಮೇಲೆ ಏಪ್ರಿಲ್-ಮೇನಲ್ಲಿ ಬರ್ತೀವಿ, ಕೆನಡಾ ಪೂರ್ತಿ ನೋಡ್ಕೊಂಡು ಹೋಗೋಣ ಅಂತ." ನಾವು ಒಟ್ಟಾವದಲ್ಲಿ ನೆಲೆಸಿ ಹದಿನಾಲ್ಕು ವರ್ಷವಾಯಿತು. ಎಲ್ಲರೂ ಕೇಳುವುದು ಹೆಚ್ಚುಕಡಿಮೆ ಇವೇ ಪ್ರಶ್ನೆಗಳು. ಪ್ರತಿ ಸಲ ವಾಟ್ಸಾಪ್‌ನಲ್ಲಿ ಟೈಪ್ ಮಾಡುವ ಬದಲು ಒಂದೇ ಕಡೆ ಬರೆದಿಟ್ಟಿದ್ದೇನೆ.

ಕೆನಡಾದಲ್ಲಿ ವಸಂತ ಅಂದರೆ ಯಾವ ತಿಂಗಳು?

ಎಲ್ಲರೂ ಎಡವುವುದು ಇಲ್ಲೇ. ಕ್ಯಾಲೆಂಡರ್ ಪ್ರಕಾರ ಮಾರ್ಚ್ 20ರ ಆಸುಪಾಸಿಗೆ ವಸಂತ. ನಮ್ಮ ಲೆಕ್ಕದಲ್ಲಿ ಚೈತ್ರ ಅಂದರೆ ಚಿಗುರು, ಅಲ್ವಾ? ಇಲ್ಲಿ ಯುಗಾದಿಗೆ ನಾನು ಒಬ್ಬಟ್ಟು ತಟ್ಟುವಾಗ ಕಿಟಕಿಯಾಚೆ ಇನ್ನೂ ಹಿಮದ ಗುಡ್ಡೆ ಇರುತ್ತದೆ. ಅದೇ ವಾರ ಪಶ್ಚಿಮದ ವ್ಯಾಂಕೂವರ್‌ನಲ್ಲಿ ಚೆರ್ರಿ ಮರಗಳು ಗುಲಾಬಿ ಬಣ್ಣಕ್ಕೆ ತಿರುಗಿರುತ್ತವೆ. ಟೊರೊಂಟೊದ ಚೆರ್ರಿ ಅರಳುವುದು ಏಪ್ರಿಲ್ ಕೊನೆ ಅಥವಾ ಮೇ ಶುರುವಿಗೆ. ಒಟ್ಟಾವದ ಟುಲಿಪ್‌ಗೆ ಮೇ ನಡುಭಾಗ. ಬ್ಯಾನ್ಫ್ ಬೆಟ್ಟಗಳ ಮೇಲಿನ ಕೆರೆ ಕರಗಲು ಜೂನ್ ಬರಬೇಕು. ಪೂರ್ವದ ತುದಿಯ ನ್ಯೂಫೌಂಡ್‌ಲ್ಯಾಂಡ್‌ನಲ್ಲಂತೂ ಮೇ ತಿಂಗಳಲ್ಲಿ ಸಮುದ್ರದಲ್ಲಿ ಮಂಜಿನ ಬೆಟ್ಟಗಳೇ ತೇಲಿಕೊಂಡು ಬರುತ್ತವೆ.

ಹಾಗಾಗಿ ನಾನು ಎಲ್ಲರಿಗೂ ಹೇಳುವುದು ಒಂದೇ. ಮೊದಲು ನಿಮಗೆ ರಜೆ ಸಿಗುವ ತಾರೀಖು ಹೇಳಿ, ಆಮೇಲೆ ಊರು ಗೊತ್ತುಮಾಡೋಣ. ಊರು ಮೊದಲು ಹಿಡಿದು ಕೂತರೆ ನನ್ನ ಮಾವನವರಿಗೆ ಆದ ಗತಿಯೇ ಆಗುತ್ತದೆ. ಅದನ್ನು ಮುಂದೆ ಹೇಳುತ್ತೇನೆ.

ಎರಡು ವಾರದಲ್ಲಿ ಇಡೀ ದೇಶ ನೋಡಬಹುದಾ?

ಆಗುವುದಿಲ್ಲ. ಈ ದೇಶದ ವಿಸ್ತೀರ್ಣ ಸುಮಾರು 99.8 ಲಕ್ಷ ಚದರ ಕಿಲೋಮೀಟರ್, ಅಂದರೆ ಮೂರು ಭಾರತ. ಆರು ಟೈಮ್ ಝೋನ್ ಇವೆ. ಟೊರೊಂಟೊದಿಂದ ವ್ಯಾಂಕೂವರ್‌ಗೆ ವಿಮಾನದಲ್ಲೇ ಐದು ಗಂಟೆ. ಪೂರ್ವದ ಸೇಂಟ್ ಜಾನ್ಸ್ ಊರಿನಿಂದ ವ್ಯಾಂಕೂವರ್‌ಗಿಂತ ಲಂಡನ್ನೇ ಹತ್ತಿರ!

ಎರಡು ವಾರಕ್ಕೆ ಎರಡು ಪ್ರದೇಶ, ಅಷ್ಟೇ. ಮೂರನೆಯದನ್ನು ಸೇರಿಸಿದಿರೋ, ಏರ್‌ಪೋರ್ಟ್ ನೋಡಿಕೊಂಡು ವಾಪಸ್ ಹೋಗುತ್ತೀರಿ.

ಏಪ್ರಿಲ್‌ನಲ್ಲಿ ಬಂದರೆ ಚೆನ್ನಾಗಿರುತ್ತಾ?

ವ್ಯಾಂಕೂವರ್, ವಿಕ್ಟೋರಿಯಾ ಕಡೆಗಾದರೆ ಧಾರಾಳವಾಗಿ ಬನ್ನಿ. ನಮ್ಮ ಕಡೆ, ಅಂದರೆ ಒಂಟಾರಿಯೊ-ಕ್ವಿಬೆಕ್ ಕಡೆ, ಏಪ್ರಿಲ್ ಅಷ್ಟು ಲಕ್ಷಣವಾಗಿರುವುದಿಲ್ಲ. ಹಿಮ ಕರಗಿದ ಮೇಲೆ ಅದರಡಿ ನಾಲ್ಕು ತಿಂಗಳಿಂದ ಮುಚ್ಚಿಹೋಗಿದ್ದದ್ದೆಲ್ಲ ಮೇಲೆ ಬರುತ್ತದೆ: ಕಂದು ಹುಲ್ಲು, ಜಲ್ಲಿಪುಡಿ, ಒಂಟಿ ಕೈಗವಸು, ಕಾಫಿ ಲೋಟ. ಕಾಡಿನ ದಾರಿಗಳು ಕೆಸರು. ನೀರು ಹಗಲು ಕರಗಿ ರಾತ್ರಿ ಹೆಪ್ಪುಗಟ್ಟಿ ಟಾರನ್ನು ಸೀಳುವುದರಿಂದ ರಸ್ತೆ ತುಂಬ ಗುಂಡಿ. ಬೆಂಗಳೂರಿಂದ ಬಂದವರಿಗೆ ಅದೊಂದೇ ಸಮಾಧಾನ.

ಆದರೆ ಈ ಕೊಳಕು ದಿನಗಳಲ್ಲೇ ಒಂದು ಸೊಗಸಿದೆ.

ಮೇಪಲ್ ಸಿರಪ್ ಮಾಡುವುದನ್ನು ನೋಡಬಹುದಾ?

ಅದೇ ಆ ಸೊಗಸು. ಮಾರ್ಚ್‌ನಿಂದ ಏಪ್ರಿಲ್ ನಡುವಿನವರೆಗೆ ಬಂದವರಿಗೆ ಮಾತ್ರ ಸಿಗುವಂಥದ್ದು. ರಾತ್ರಿ ಸೊನ್ನೆಗಿಂತ ಕೆಳಗೆ, ಹಗಲು ಸೊನ್ನೆಗಿಂತ ಮೇಲೆ ಇದ್ದರೇ ಮೇಪಲ್ ಮರದಲ್ಲಿ ರಸ ಹರಿಯುವುದು. ಮರದ ಕಾಂಡಕ್ಕೆ ಸಣ್ಣ ತೂತು ಕೊರೆದು, ನಳಿಗೆ ಸಿಕ್ಕಿಸಿ, ಕೆಳಗೆ ಬಕೆಟ್ ತೂಗುಹಾಕುತ್ತಾರೆ. ದೊಡ್ಡ ತೋಟಗಳಲ್ಲಿ ಈಗ ಮರದಿಂದ ಮರಕ್ಕೆ ಪ್ಲಾಸ್ಟಿಕ್ ಕೊಳವೆ. ರಸ ಬಾಯಿಗೆ ಹಾಕಿಕೊಂಡರೆ ಬರೀ ನೀರು, ಎಲ್ಲೋ ಒಂಚೂರು ಸಿಹಿ. 40 ಲೀಟರ್ ರಸ ಕುದಿಸಿದರೆ 1 ಲೀಟರ್ ಸಿರಪ್ ಆಗುತ್ತದೆ. ಮರ ಮೊಗ್ಗು ಬಿಟ್ಟರೆ ರಸದ ರುಚಿ ಕೆಡುತ್ತದೆ, ಅಲ್ಲಿಗೆ ಹಂಗಾಮು ಮುಗಿಯಿತು.

ಇದನ್ನು ಕುದಿಸುವ ಜಾಗಕ್ಕೆ ಶುಗರ್ ಶ್ಯಾಕ್ ಅನ್ನುತ್ತಾರೆ. ನಾನು ಅದನ್ನು ಆಲೆಮನೆ ಅಂತಲೇ ಕರೆಯುವುದು. ಗಾಣ ಇಲ್ಲ, ಕಬ್ಬಿಲ್ಲ, ಮಿಕ್ಕಿದ್ದೆಲ್ಲ ಅದೇ. ಸೌದೆ ಒಲೆ, ದೊಡ್ಡ ಬಾಣಲೆ, ಇಡೀ ಕೊಟ್ಟಿಗೆ ತುಂಬ ಸಿಹಿ ಹಬೆ. ಕೊನೆಗೆ ಹೊರಗೆ ಮರದ ತೊಟ್ಟಿಯಲ್ಲಿ ಶುದ್ಧ ಹಿಮ ಹರಡಿ ಅದರ ಮೇಲೆ ಬಿಸಿ ಪಾಕವನ್ನು ಗೆರೆ ಎಳೆದ ಹಾಗೆ ಸುರಿಯುತ್ತಾರೆ. ಹತ್ತು ಸೆಕೆಂಡಿಗೆ ಅದು ಅಂಟಂಟಾಗಿ ಗಟ್ಟಿಯಾಗುತ್ತದೆ. ಐಸ್‌ಕ್ಯಾಂಡಿ ಕಡ್ಡಿಗೆ ಸುತ್ತಿಕೊಂಡು ತಿನ್ನಬೇಕು. ನಮ್ಮಮ್ಮ ಸಾಗರದ ಕಡೆಯವರು. ಮೊದಲ ಸಲ ಬಾಯಿಗಿಟ್ಟುಕೊಂಡು, "ಜೋನಿ ಬೆಲ್ಲಕ್ಕೆ ಹೊಗೆ ವಾಸನೆ ಬಂದ ಹಾಗಿದೆ ಕಣೆ" ಅಂದರು. ಮೂರು ಕಡ್ಡಿ ತಿಂದರು.

ಒಂದು ಎಚ್ಚರಿಕೆ. ಅಲ್ಲಿ ಊಟವೂ ಕೊಡುತ್ತಾರೆ. ಸಸ್ಯಾಹಾರಿಗಳು ಬೇಯಿಸಿದ ಹುರುಳಿಕಾಯಿ ಬೀಜ, ಬಟಾಣಿ ಸೂಪು ನೋಡಿ ಕೈಹಾಕಬೇಡಿ. ಸಾಂಪ್ರದಾಯಿಕವಾಗಿ ಎರಡಕ್ಕೂ ಹಂದಿ ಮಾಂಸ ಸೇರಿಸುತ್ತಾರೆ. ಮೊದಲೇ ಫೋನ್ ಮಾಡಿ ಕೇಳಿ. ಪ್ಯಾನ್‌ಕೇಕ್ ಹೇಗೂ ಇದ್ದೇ ಇರುತ್ತದೆ.

ವ್ಯಾಂಕೂವರ್ ಕಡೆ ಎಷ್ಟು ದಿನ ಬೇಕು?

ಐದು ದಿನ ಇಟ್ಟುಕೊಳ್ಳಿ. ಮಾರ್ಚ್ ಕೊನೆಯಿಂದ ಏಪ್ರಿಲ್ ನಡುವಿನವರೆಗೆ ಚೆರ್ರಿ ಹೂವಿಗೆ ಒಳ್ಳೆಯ ಕಾಲ. ಅದಕ್ಕೆಂದೇ ಪಾರ್ಕು ಹುಡುಕಬೇಕಿಲ್ಲ, ಮಾಮೂಲಿ ಮನೆಗಳ ಬೀದಿಗಳಲ್ಲೇ ಎರಡೂ ಕಡೆ ಮರಗಳಿವೆ. ಒಂದು ದಿನ ಬೆಳಗ್ಗೆ ಟ್ವಾಸನ್‌ನಿಂದ ಫೆರ್ರಿ ಹತ್ತಿ ವಿಕ್ಟೋರಿಯಾ ಕಡೆ ಹೋಗಿ. ಸುಮಾರು ಒಂದೂವರೆ ಗಂಟೆ ದಾರಿ, ದ್ವೀಪಗಳ ನಡುವೆ. ಅಲ್ಲಿನ ಬುಚಾರ್ಟ್ ಗಾರ್ಡನ್ಸ್ ಮೊದಲು ಸುಣ್ಣದ ಕಲ್ಲಿನ ಕ್ವಾರಿಯಾಗಿತ್ತು. ಸಿಮೆಂಟಿಗೆ ಕಲ್ಲು ತೆಗೆದು ಖಾಲಿಯಾದ ಗುಂಡಿಗೆ ಮಾಲೀಕರ ಹೆಂಡತಿ ಜೆನ್ನಿ ಬುಚಾರ್ಟ್ ಮಣ್ಣು ತುಂಬಿಸಿ ತೋಟ ಮಾಡಿದರು. ಮಳೆ ಮಾತ್ರ ಯಾವಾಗ ಬೇಕಾದರೂ ಬರುತ್ತದೆ. ನಮ್ಮ ಮಲೆನಾಡಿನ ಜಡಿಮಳೆಯಲ್ಲ, ಸುಮ್ನೆ ಜಿನುಗುತ್ತಲೇ ಇರುವ ಮಳೆ.

ಬ್ಯಾನ್ಫ್‌ನ ನೀಲಿ ಕೆರೆ ಮೇ ತಿಂಗಳಲ್ಲಿ ಕಾಣುತ್ತದಾ?

ಮಾವನವರ ಕಥೆ ಇದೇ. ಮೊದಲ ಸಲ ಅತ್ತೆ ಮಾವ ಬಂದಾಗ ನಾನೇ ದೊಡ್ಡದಾಗಿ ಎಲ್ಲ ಬುಕ್ ಮಾಡಿದ್ದೆ. ಮೇ ಮೊದಲ ವಾರ, ಲೇಕ್ ಲೂಯಿಸ್. ಮಾವ ಅರಸೀಕೆರೆಯ ಮನೆಯಲ್ಲಿ ವರ್ಷಗಟ್ಟಲೆ ಆ ಕೆರೆಯ ಕ್ಯಾಲೆಂಡರ್ ನೋಡಿದ್ದವರು. ದಡದಲ್ಲಿ ನಿಂತು ಎರಡು ನಿಮಿಷ ಸುತ್ತ ನೋಡಿ, "ಎಲ್ಲಮ್ಮ ಕೆರೆ?" ಅಂದರು. ಕಣ್ಣೆದುರಿಗಿದ್ದ ಬಿಳಿ ಬಯಲೇ ಕೆರೆ! ಮೇಲೆ ಹಿಮ, ಪಕ್ಕದಲ್ಲಿ "ಮಂಜುಗಡ್ಡೆ ತೆಳುವಾಗಿದೆ, ಕಾಲಿಡಬೇಡಿ" ಎಂಬ ಬೋರ್ಡು. ತಪ್ಪು ಪೂರ್ತಿ ನನ್ನದೇ.

ಲೇಕ್ ಲೂಯಿಸ್ ಸುಮಾರು 1,730 ಮೀಟರ್ ಎತ್ತರದಲ್ಲಿದೆ. ಮಂಜುಗಡ್ಡೆ ಕರಗಲು ಮೇ ಕೊನೆ, ಜೂನ್ ಶುರು ಆಗುತ್ತದೆ. ಆ ನೀಲಿ-ಹಸಿರು ಬಣ್ಣಕ್ಕೆ ಇನ್ನೂ ಸ್ವಲ್ಪ ಕಾಯಬೇಕು. ಹಿಮನದಿ ಬಂಡೆಯನ್ನು ಉಜ್ಜಿ ಉಜ್ಜಿ ಗೋಧಿ ಹಿಟ್ಟಿನಷ್ಟು ನುಣ್ಣಗೆ ಮಾಡಿರುತ್ತದೆ. ಕರಗಿದ ನೀರು ಆ ಕಲ್ಲಿನ ಹಿಟ್ಟನ್ನು ಕೆರೆಗೆ ತಂದು ಸೇರಿಸಿದ ಮೇಲೇ ಬಣ್ಣ ಏರುವುದು. ಜೂನ್ ಕೊನೆ, ಜುಲೈ ಅಂದರೆ ಭರ್ತಿ ಬಣ್ಣ.

ಪಕ್ಕದ ಮೊರೇನ್ ಲೇಕ್ ರಸ್ತೆಯನ್ನು ಅಕ್ಟೋಬರ್‌ನಲ್ಲಿ ಮುಚ್ಚಿದರೆ ತೆಗೆಯುವುದು ಹೆಚ್ಚಾಗಿ ಜೂನ್ ಹೊತ್ತಿಗೆ. 2023ರಿಂದ ಅಲ್ಲಿಗೆ ಸ್ವಂತ ಕಾರು ಬಿಡುವುದಿಲ್ಲ, ಬಸ್ಸಿನಲ್ಲೇ ಹೋಗಬೇಕು. ರಾಷ್ಟ್ರೀಯ ಉದ್ಯಾನಗಳನ್ನು ನೋಡಿಕೊಳ್ಳುವ ಪಾರ್ಕ್ಸ್ ಕೆನಡಾ ಸಂಸ್ಥೆಯ ಬಸ್ಸಿನ ಒಂದಷ್ಟು ಸೀಟು ಏಪ್ರಿಲ್‌ನಲ್ಲೇ ಬುಕಿಂಗ್‌ಗೆ ಸಿಗುತ್ತವೆ, ಉಳಿದವು ಹೋಗುವ ದಿನಕ್ಕೆ ಎರಡು ದಿನ ಮುಂಚೆ. ನಮ್ಮ ತತ್ಕಾಲ್ ಟಿಕೆಟ್ ಅಭ್ಯಾಸ ಇದ್ದವರಿಗೆ ಇದು ಕಷ್ಟವಾಗುವುದಿಲ್ಲ.

ಹಾಗಂತ ಮೇ ತಿಂಗಳು ದಂಡವಲ್ಲ. ಚಳಿಗಾಲದ ನಿದ್ದೆ ಮುಗಿಸಿದ ಕರಡಿಗಳು ರಸ್ತೆ ಬದಿಯ ಮೊದಲ ಹಸಿರು ಮೇಯಲು ಬರುತ್ತವೆ. ಲೇಕ್ ಲೂಯಿಸ್‌ನಿಂದ ಜ್ಯಾಸ್ಪರ್‌ವರೆಗಿನ 232 ಕಿಲೋಮೀಟರ್ ಐಸ್‌ಫೀಲ್ಡ್ಸ್ ಪಾರ್ಕ್‌ವೇ ಹಿಮದ ಗೋಡೆಗಳ ನಡುವಿನ ದಾರಿ. ಹೊರಡುವ ಮೊದಲು ಪೆಟ್ರೋಲ್ ತುಂಬಿಸಿ, ನಡುವೆ ಇರುವುದು ಒಂದೇ ಬಂಕು. ಫೋನ್ ಸಿಗ್ನಲ್ ಬಹುಪಾಲು ಇಲ್ಲ. ಕರಡಿ ಕಂಡರೆ ಕಾರಿಂದ ಇಳಿಯಬೇಡಿ. ನಡೆಯುವಾಗ ಎದುರಾದರೆ 100 ಮೀಟರ್ ದೂರ ಇರಬೇಕು ಅನ್ನುವುದು ನಿಯಮ. ಸಾಧುವಾಗಿ ಕಾಣುವ ಎಲ್ಕ್ ಜಿಂಕೆಗಳಿಂದಲೂ 30 ಮೀಟರ್. ಮೇ ಕೊನೆಗೆ ಅವು ಮರಿ ಹಾಕುವ ಕಾಲ, ಹತ್ತಿರ ಹೋದರೆ ಅಟ್ಟಿಸಿಕೊಂಡು ಬರುತ್ತವೆ.

ಜ್ಯಾಸ್ಪರ್ ಊರಿನ ಮೂರನೇ ಒಂದು ಭಾಗ 2024ರ ಜುಲೈನ ಕಾಡ್ಗಿಚ್ಚಿನಲ್ಲಿ ಸುಟ್ಟುಹೋಯಿತು. ಅಲ್ಲಿ ಉಳಿಯುವುದಾದರೆ ರೂಮು ಬೇಗ ಗೊತ್ತುಮಾಡಿ.

ಒಟ್ಟಾವದಲ್ಲಿ ಟುಲಿಪ್ ಹಬ್ಬ ಯಾಕೆ? ಅದು ಡಚ್ಚರದ್ದಲ್ವಾ?

ಡಚ್ಚರದ್ದೇ, ಸಾಲ ತೀರಿಸಿದ ಲೆಕ್ಕ. ಎರಡನೇ ಮಹಾಯುದ್ಧದಲ್ಲಿ ಜರ್ಮನರು ನೆದರ್‌ಲ್ಯಾಂಡ್ಸ್ ಹಿಡಿದಾಗ ರಾಜಕುಮಾರಿ ಜೂಲಿಯಾನಾ ಮಕ್ಕಳನ್ನು ಕಟ್ಟಿಕೊಂಡು ಒಟ್ಟಾವಕ್ಕೆ ಬಂದರು. 1943ರ ಜನವರಿಯಲ್ಲಿ ಇಲ್ಲೇ ಹೆರಿಗೆ. ಹುಟ್ಟುವ ಮಗು ಡಚ್ ಪ್ರಜೆ ಮಾತ್ರ ಆಗಿರಲಿ ಎಂದು ಆಸ್ಪತ್ರೆಯ ಆ ಹೆರಿಗೆ ಕೋಣೆಗಳನ್ನು ಕೆನಡಾದ ನೆಲವೇ ಅಲ್ಲ ಎಂದು ಸರ್ಕಾರ ಘೋಷಿಸಿತು. ತವರಿಗೆ ಬಂದ ಮಗಳ ಬಾಣಂತನ ಮಾಡಿದ ಹಾಗೆ. ಯುದ್ಧ ಮುಗಿದ ಮೇಲೆ 1945ರಲ್ಲಿ ಡಚ್ಚರು 1 ಲಕ್ಷ ಟುಲಿಪ್ ಗಡ್ಡೆ ಕಳಿಸಿದರು. ಈಗಲೂ ಪ್ರತಿ ವರ್ಷ ಕಳಿಸುತ್ತಾರೆ.

ನೋಡಬೇಕಾದ ಜಾಗ ಡೌಸ್ ಲೇಕ್ ದಂಡೆ. ಮೇ ಎರಡನೇ ವಾರ, ಬೆಳಗ್ಗೆ ಎಂಟರೊಳಗೆ ಹೋಗಿ. ಹತ್ತರ ಮೇಲೆ ಬರೀ ಸೆಲ್ಫಿ ಕೋಲು. ಆಮೇಲೆ ಪಾರ್ಲಿಮೆಂಟ್ ಹಿಲ್ ಕಡೆ ನಡೆಯಿರಿ. ಗೋಪುರದ ಮುಖ್ಯ ಕಟ್ಟಡ 2019ರಿಂದ ದುರಸ್ತಿಗೆ ಮುಚ್ಚಿದೆ, ಕೆಳಮನೆ ನಡೆಯುವುದು ಪಕ್ಕದ ವೆಸ್ಟ್ ಬ್ಲಾಕ್‌ನಲ್ಲಿ. ಒಳಗೆ ಸುತ್ತಿಸಿ ತೋರಿಸುತ್ತಾರೆ, ಬುಕ್ ಮಾಡಬೇಕು, ದುಡ್ಡಿಲ್ಲ. 2022ರ ಮೇ ತಿಂಗಳಲ್ಲಿ, ಶಿರಾ ತಾಲೂಕಿನಿಂದ ಬಂದು ಇಲ್ಲಿ ಸಂಸದರಾಗಿದ್ದ ಚಂದ್ರ ಆರ್ಯ ಎದ್ದು ನಿಂತು ಕನ್ನಡದಲ್ಲಿ ಮಾತಾಡಿದ್ದು ಇದೇ ಸಭೆಯಲ್ಲಿ. ಕರ್ನಾಟಕದಿಂದ ಬಂದವರನ್ನು ನಾನು ಅಲ್ಲಿಗೆ ಕರೆದುಕೊಂಡು ಹೋಗದೆ ಬಿಡುವುದಿಲ್ಲ.

ನಯಾಗರ?

ಟೊರೊಂಟೊದಿಂದ ಸುಮಾರು 130 ಕಿಲೋಮೀಟರ್, ಒಂದು ದಿನ ಸಾಕು. ಎದುರಿನಿಂದ ಚೆನ್ನಾಗಿ ಕಾಣುವುದು ಕೆನಡಾದ ದಡದಿಂದಲೇ. ದೋಣಿ ಶುರುವಾಗುವುದು ನದಿಯ ಮಂಜುಗಡ್ಡೆ ಹೋದ ಮೇಲೆ, ಹಾಗಾಗಿ ಏಪ್ರಿಲ್ ಶುರುವಿಗೆ ಬರುವವರು ದೋಣಿ ಶುರುವಾಗಿದೆಯಾ ಅಂತ ಮೊದಲೇ ವಿಚಾರಿಸಿಕೊಳ್ಳಿ.

ನಡುವಿನ ಬಯಲು ಸೀಮೆಯಲ್ಲಿ ನೋಡುವಂಥದ್ದು ಏನಿದೆ?

ಹೆಚ್ಚಿನವರು ಮ್ಯಾನಿಟೋಬ, ಸಸ್ಕ್ಯಾಚುವಾನ್ ಮೇಲೆ ಹಾರಿಕೊಂಡೇ ಹೋಗುತ್ತಾರೆ. ಹಾವಿನ ಭಯ ಇಲ್ಲದವರಿಗೆ ಒಂದು ಜಾಗ ಹೇಳುತ್ತೇನೆ. ವಿನ್ನಿಪೆಗ್‌ನಿಂದ ಉತ್ತರಕ್ಕೆ ಸುಮಾರು 130 ಕಿಲೋಮೀಟರ್, ನಾರ್ಸಿಸ್. ಚಳಿಗಾಲವಿಡೀ ಸುಣ್ಣಕಲ್ಲಿನ ಬಿರುಕುಗಳ ಆಳದಲ್ಲಿ ಮಲಗಿದ್ದ ಗಾರ್ಟರ್ ಹಾವುಗಳು ಏಪ್ರಿಲ್ ಕೊನೆಯಿಂದ ಮೇ ನಡುವಿನವರೆಗೆ ಸಾವಿರಾರು ಒಟ್ಟಿಗೇ ಮೇಲೆ ಬರುತ್ತವೆ. ಒಂದು ಹೆಣ್ಣಿನ ಸುತ್ತ ಹತ್ತಾರು ಗಂಡು ಸೇರಿ ಹಗ್ಗದ ಉಂಡೆಯ ಹಾಗೆ ಉರುಳುತ್ತವೆ. ಸುಮ್ಮನೆ ನಿಂತರೆ ಒಣಎಲೆ ಸರಿದಂಥ ಸದ್ದು ಕೇಳುತ್ತದೆ. ಮನುಷ್ಯರಿಗೆ ಅಪಾಯ ಇಲ್ಲ. ಮೊದಲು ಹೆದ್ದಾರಿ ದಾಟುವಾಗ ಗಾಡಿಗೆ ಸಿಕ್ಕಿ ಲೆಕ್ಕವಿಲ್ಲದಷ್ಟು ಸಾಯುತ್ತಿದ್ದವು. ಈಗ ರಸ್ತೆಯಡಿ ಅವಕ್ಕೆಂದೇ ಸುರಂಗ ಮಾಡಿದ್ದಾರೆ. ನಾಗರಪಂಚಮಿಗೆ ಹುತ್ತಕ್ಕೆ ಹಾಲೆರೆಯುವ ನಮ್ಮತ್ತೆ ಅಲ್ಲಿ ಚಪ್ಪಲಿ ಬಿಟ್ಟು ಕೈಮುಗಿದರು. ಪಕ್ಕದಲ್ಲಿದ್ದ ಮಕ್ಕಳು ಅವರನ್ನೇ ನೋಡುತ್ತಿದ್ದವು.

ಮಂಜಿನ ಬೆಟ್ಟ ನೋಡಲು ನ್ಯೂಫೌಂಡ್‌ಲ್ಯಾಂಡ್‌ಗೆ ಹೋಗುವುದು ದುಬಾರಿ ಅಲ್ವಾ?

ದುಬಾರಿಯೇ. ಆದರೂ ಎರಡನೇ ಸಲ ಬರುವವರಿಗೆ ನಾನು ಹೇಳುವುದು ಇದನ್ನೇ. ಗ್ರೀನ್‌ಲ್ಯಾಂಡಿನ ಹಿಮನದಿಗಳಿಂದ ಕಳಚಿದ ತುಂಡುಗಳು ಎರಡು-ಮೂರು ವರ್ಷ ತೇಲಿ ಇಲ್ಲಿಗೆ ಬರುತ್ತವೆ. 1912ರ ಏಪ್ರಿಲ್‌ನಲ್ಲಿ ಟೈಟಾನಿಕ್‌ಗೆ ಅಡ್ಡ ಬಂದದ್ದು ಇಂಥದ್ದೇ ಒಂದು, ಇದೇ ಕಡಲಿನಲ್ಲಿ. ಟ್ವಿಲಿಂಗೇಟ್, ಬೊನವಿಸ್ಟಾ, ಸೇಂಟ್ ಜಾನ್ಸ್ ದಂಡೆಗಳಿಂದ ಕಾಣುತ್ತವೆ. ಮೇ ಕೊನೆ, ಜೂನ್ ಶುರು ಒಳ್ಳೆಯದು. ಆಗ ಎಲಿಸ್ಟನ್ ಎಂಬ ಹಳ್ಳಿಯಲ್ಲಿ ಪಫಿನ್ ಹಕ್ಕಿಗಳೂ ಬಂದಿರುತ್ತವೆ.

ಗ್ಯಾರಂಟಿ ಮಾತ್ರ ಇಲ್ಲ. ಕೆಲವು ವರ್ಷ ಸಾವಿರಕ್ಕೂ ಜಾಸ್ತಿ ಬೆಟ್ಟಗಳು ದಕ್ಷಿಣಕ್ಕೆ ಇಳಿದು ಬರುತ್ತವೆ, 2006ರಂಥ ವರ್ಷ ಲೆಕ್ಕಕ್ಕೆ ಒಂದೂ ಸಿಕ್ಕಿರಲಿಲ್ಲ. ಮಂಜಿನ ಮುಸುಕು ಕವಿದರೆ ಎದುರಿಗಿದ್ದರೂ ಕಾಣುವುದಿಲ್ಲ. ನಾವು ಮೂರು ದಿನ ಮುಸುಕು ನೋಡಿದೆವು. ನಾಲ್ಕನೇ ದಿನ ದೋಣಿಯಾತ ನೀರಿನಲ್ಲಿ ತೇಲುತ್ತಿದ್ದ ಚೂರೊಂದನ್ನು ಬಲೆಯಲ್ಲಿ ಎತ್ತಿ ನನ್ನ ಕೈಗೆ ಕೊಟ್ಟ. ಗಾಜಿನ ಹಾಗೆ ತಿಳಿ. ಫ್ಲಾಸ್ಕಿನ ಮುಚ್ಚಳದಲ್ಲಿದ್ದ ನೀರಿಗೆ ಹಾಕಿದರೆ ಒಗ್ಗರಣೆಗೆ ಸಾಸಿವೆ ಸಿಡಿದ ಹಾಗೆ ಚಟಚಟ ಅಂದಿತು. ಸಾವಿರಾರು ವರ್ಷದ ಹಿಂದೆ ಹಿಮದೊಳಗೆ ಸಿಕ್ಕಿಕೊಂಡ ಗಾಳಿ ಹೊರಬರುವ ಸದ್ದಂತೆ ಅದು.

ಅಂದಹಾಗೆ ನ್ಯೂಫೌಂಡ್‌ಲ್ಯಾಂಡಿನ ಗಡಿಯಾರ ಪಕ್ಕದ ಪ್ರಾಂತ್ಯಗಳಿಗಿಂತ ಅರ್ಧ ಗಂಟೆ ಮುಂದೆ. ನಮ್ಮ ಐಎಸ್‌ಟಿಗೂ ಅರ್ಧ ಗಂಟೆಯ ಬಾಲ ಇರುವುದರಿಂದ ಊರಿಗೆ ಫೋನ್ ಮಾಡುವ ಲೆಕ್ಕ ಸಲೀಸು.

ನಾರ್ದರ್ನ್ ಲೈಟ್ಸ್?

ರಾತ್ರಿ ಆಕಾಶದಲ್ಲಿ ಆಡುವ ಆ ಬಣ್ಣದ ಬೆಳಕು ನೋಡಲು ಉತ್ತರದ ಯೆಲೋನೈಫ್, ವೈಟ್‌ಹಾರ್ಸ್ ಕಡೆ ಏಪ್ರಿಲ್ ಶುರುವಿನವರೆಗೆ ಅವಕಾಶ ಇದೆ. ಆಮೇಲೆ ರಾತ್ರಿ ಸರಿಯಾಗಿ ಕತ್ತಲೇ ಆಗುವುದಿಲ್ಲ. ಮೇ ರಜೆಯವರು ಮರೆತುಬಿಡಿ.

ರೈಲಿನಲ್ಲಿ ದೇಶ ದಾಟಬಹುದಾ?

ಟೊರೊಂಟೊದಿಂದ ವ್ಯಾಂಕೂವರ್‌ಗೆ "ಕೆನೇಡಿಯನ್" ರೈಲಿದೆ. 4,466 ಕಿಲೋಮೀಟರ್, ನಾಲ್ಕು ರಾತ್ರಿ. ಹಳಿ ಗೂಡ್ಸ್ ಕಂಪನಿಯದ್ದು, ಗೂಡ್ಸ್ ಬಂದರೆ ನಮ್ಮ ರೈಲು ಪಕ್ಕಕ್ಕೆ ನಿಲ್ಲುತ್ತದೆ. ಗಂಟೆಗಟ್ಟಲೆ ತಡವಾಗುವುದು ಮಾಮೂಲು. ಇಳಿದ ದಿನವೇ ವಿಮಾನ ಹಿಡಿಯುವ ಸಾಹಸ ಬೇಡ. ಪೂರ್ತಿ ಹೋಗುವ ಬದಲು ಜ್ಯಾಸ್ಪರ್-ವ್ಯಾಂಕೂವರ್ ಭಾಗ ಮಾತ್ರ ಹೋಗಿ ಎನ್ನುವುದು ನನ್ನ ಅಭಿಪ್ರಾಯ.

ನಮ್ಮ ಲೈಸೆನ್ಸ್‌ನಲ್ಲಿ ಕಾರು ಓಡಿಸಬಹುದಾ?

ಸ್ವಲ್ಪ ದಿನಕ್ಕೆ ಬಂದವರು ಓಡಿಸಬಹುದು. ಆದರೂ ಆರ್‌ಟಿಒದಿಂದ ಇಂಟರ್‌ನ್ಯಾಷನಲ್ ಪರ್ಮಿಟ್ ಮಾಡಿಸಿಕೊಂಡೇ ಬನ್ನಿ, ಬಾಡಿಗೆ ಕಾರಿನವರು ಕೇಳಬಹುದು. ಇಲ್ಲಿ ಬಲಗಡೆ ಓಡಿಸಬೇಕು. ಹಳದಿ ಸ್ಕೂಲ್ ಬಸ್ ಕೆಂಪು ದೀಪ ಮಿಣುಕಿಸಿ ನಿಂತರೆ ಹಿಂದಿನವರು ಮಾತ್ರವಲ್ಲ, ಎದುರಿನಿಂದ ಬರುವವರೂ ನಿಲ್ಲಬೇಕು. ಬ್ರಿಟಿಷ್ ಕೊಲಂಬಿಯಾದ ಬೆಟ್ಟದ ಹೆದ್ದಾರಿಗಳಲ್ಲಿ ಏಪ್ರಿಲ್ 30ರವರೆಗೆ ಚಳಿಗಾಲದ ಟೈರ್ ಕಡ್ಡಾಯ. ಕಾರು ತೆಗೆದುಕೊಳ್ಳುವಾಗ ಕೇಳಿ ಖಾತ್ರಿ ಮಾಡಿಕೊಳ್ಳಿ.

ಎಂಥ ಬಟ್ಟೆ ತರಬೇಕು?

ಒಂದು ದಪ್ಪ ಕೋಟಿಗಿಂತ ಮೂರು ತೆಳು ಪದರ ಮೇಲು. ಬೆಳಗ್ಗೆ 2 ಡಿಗ್ರಿ, ಮಧ್ಯಾಹ್ನ 17 ಡಿಗ್ರಿ ಆಗುವ ದಿನಗಳು ಇವು. ಮೇಲೊಂದು ಗಾಳಿ-ಮಳೆ ತಡೆಯುವ ಜಾಕೆಟ್, ಕಿವಿ ಮುಚ್ಚುವ ಟೋಪಿ, ನೀರು ಹೋಗದ ಶೂ. ಸೀರೆ ಉಡುವವರು ಒಳಗೆ ಥರ್ಮಲ್ ಹಾಕಿಕೊಂಡರೆ ಆರಾಮ. ನಮ್ಮತ್ತೆ ಹಾಗೆಯೇ ಆರು ವಾರ ತಿರುಗಿದರು.

ವೀಸಾ, ಇನ್ಶೂರೆನ್ಸ್?

ಪ್ರವಾಸಿ ವೀಸಾದಲ್ಲಿ ಸಾಮಾನ್ಯವಾಗಿ ಒಂದು ಸಲಕ್ಕೆ 6 ತಿಂಗಳವರೆಗೆ ಇರಬಹುದು. ಬೆರಳಚ್ಚು ಒಮ್ಮೆ ಕೊಟ್ಟರೆ 10 ವರ್ಷ ನಡೆಯುತ್ತದೆ. ಮಗ ಅಥವಾ ಮಗಳು ಇಲ್ಲಿನ ಪ್ರಜೆಯೋ ಪಿಆರ್ (ಕಾಯಂ ನೆಲೆಸುವ ಅನುಮತಿ) ಹೊಂದಿದವರೋ ಆಗಿದ್ದರೆ ಅಪ್ಪ ಅಮ್ಮಂದಿರಿಗೆ ಸೂಪರ್ ವೀಸಾ ಇದೆ. ಒಮ್ಮೆ ಬಂದರೆ 5 ವರ್ಷದವರೆಗೂ ಇರಬಹುದು, ಕನಿಷ್ಠ 1 ಲಕ್ಷ ಡಾಲರಿನ ಆರೋಗ್ಯ ವಿಮೆ ಕಡ್ಡಾಯ. ಮಾಮೂಲಿ ವೀಸಾದವರೂ ವಿಮೆ ಇಲ್ಲದೆ ಬರಬೇಡಿ. ಬಿಪಿ, ಶುಗರ್ ಇದ್ದರೆ ಮುಚ್ಚಿಡದೆ ಬರೆಸಿ. ಅರ್ಜಿ ಯುಗಾದಿಗಲ್ಲ, ದೀಪಾವಳಿ ಹೊತ್ತಿಗೇ ಹಾಕಿ.

ಅಂಗಡಿಯಲ್ಲಿ ಬರೆದ ರೇಟಿಗಿಂತ ಜಾಸ್ತಿ ತೆಗೆದುಕೊಂಡರಲ್ಲ?

ಮೋಸ ಅಲ್ಲ. ಚೀಟಿಯಲ್ಲಿ ತೆರಿಗೆ ಸೇರಿರುವುದಿಲ್ಲ. ಒಂಟಾರಿಯೊದಲ್ಲಿ 13%, ಆಲ್ಬರ್ಟದಲ್ಲಿ ಬರೀ 5%. ಹೋಟೆಲ್ ಊಟಕ್ಕೆ ಮೇಲೆ 15%ರಷ್ಟು ಟಿಪ್ಸ್ ಬೇರೆ. ಮೇ 25ಕ್ಕಿಂತ ಮುಂಚಿನ ಸೋಮವಾರ ವಿಕ್ಟೋರಿಯಾ ಡೇ ರಜೆ. ಆ ವಾರಾಂತ್ಯ ರೂಮಿನ ಬಾಡಿಗೆ ಒಂದೇ ಸಲ ಏರುತ್ತದೆ, ತಪ್ಪಿಸಿ.

ಆ ಚಳಿ ದೇಶದಲ್ಲಿ ಸೊಳ್ಳೆ ಇರುತ್ತದಾ?

ಸೊಳ್ಳೆಗಿಂತ ಕೆಟ್ಟದ್ದಿದೆ. ಮೇ ನಡುವಿನಿಂದ ಜೂನ್‌ವರೆಗೆ ಒಂಟಾರಿಯೊ ಕಾಡುಗಳಲ್ಲಿ ಬ್ಲ್ಯಾಕ್ ಫ್ಲೈ ಎಂಬ ಪುಟ್ಟ ಕಪ್ಪು ನೊಣ ಕಿವಿಯ ಹಿಂದೆ ಕಚ್ಚಿ ರಕ್ತ ಬರಿಸುತ್ತದೆ. ಹುಲ್ಲಿನಲ್ಲಿ ನಡೆದು ಬಂದರೆ ಉಣ್ಣಿ ಹತ್ತಿದೆಯಾ ನೋಡಿಕೊಳ್ಳಿ, ಲೈಮ್ ಕಾಯಿಲೆ ಅದರಿಂದಲೇ. ಇಷ್ಟಾದರೂ ಆಲ್ಗಾಂಕ್ವಿನ್ ಪಾರ್ಕ್‌ಗೆ ಮೇ ತಿಂಗಳಲ್ಲೇ ಹೋಗಿ. ಚಳಿಗಾಲದಲ್ಲಿ ರಸ್ತೆಗೆ ಚೆಲ್ಲಿದ ಉಪ್ಪು ಕರಗಿ ಚರಂಡಿಗೆ ಇಳಿದಿರುತ್ತದೆ. ಆ ಉಪ್ಪು ನೀರು ಕುಡಿಯಲು ಮೂಸ್ ಎಂಬ ದೈತ್ಯ ಜಿಂಕೆಗಳು ಹೆದ್ದಾರಿ 60ರ ಪಕ್ಕಕ್ಕೇ ಬರುತ್ತವೆ. ಕಲಗಚ್ಚಿಗೆ ಬಂದ ಎಮ್ಮೆಯ ಹಾಗೆ ತಲೆ ತಗ್ಗಿಸಿ ಹೀರುತ್ತಿರುತ್ತವೆ, ಆದರೆ ಎತ್ತರ ನಮ್ಮ ಕಾರಿಗಿಂತ ಜಾಸ್ತಿ.

ಬರುವಾಗ ನಿಮಗೆ ಏನು ತರಲಿ?

ಏನೂ ಬೇಡ ಅಂದರೂ ತರುತ್ತೀರಿ, ಗೊತ್ತು. ಮಾಂಸ, ಹಾಲಿನ ಪದಾರ್ಥ, ತಾಜಾ ಹಣ್ಣು, ಗಿಡ, ಬೀಜ ಬೇಡ. ಉಳಿದ ತಿಂಡಿ ಏನೇ ಇದ್ದರೂ ಏರ್‌ಪೋರ್ಟಿನ ಕಸ್ಟಮ್ಸ್‌ನಲ್ಲಿ "ಆಹಾರ ಇದೆ" ಎಂದು ಹೇಳಿಬಿಡಿ. ಹೇಳಿದರೆ ಹೆಚ್ಚೆಂದರೆ ತೆಗೆದು ನೋಡುತ್ತಾರೆ, ಹೇಳದೆ ಸಿಕ್ಕಿಬಿದ್ದರೆ ದಂಡ. ಮಾವಿನ ಹಣ್ಣಂತೂ ಬೇಡವೇ ಬೇಡ, ಮೇ ತಿಂಗಳಲ್ಲಿ ಇಲ್ಲಿನ ಇಂಡಿಯನ್ ಅಂಗಡಿಗೂ ಆಪೂಸು ಬರುತ್ತದೆ. ಜಾಗ ಇದ್ದರೆ ಒಂದು ಕಿಲೋ ಚಟ್ನಿಪುಡಿ, ಒಂದಿಷ್ಟು ಕೋಡುಬಳೆ. ಕೋಡುಬಳೆ ಡಬ್ಬಿಯಲ್ಲಿ ಹಾಕಿ, ಕವರಿನಲ್ಲಿ ತಂದರೆ ಪುಡಿಯಾಗಿರುತ್ತದೆ.